ತಾಯಿ ಕಾರ್ಡಿನ ಮೂರು ಸಾಲುಗಳು

ನಮ್ಮ ಅಜ್ಜಿ ಕಾಮಸಮುದ್ರದ ರೈಲ್ವೆ ಸ್ಟೇಷನ್ನಿಗೆ ಕಾಲಿಡುತ್ತಿರಲಿಲ್ಲ. ಬಂಗಾರಪೇಟೆಗೆ ಹೋಗಬೇಕಾದರೆ ಮೊದಲಿನ ದಿನಗಳಲ್ಲಿ ಎತ್ತಿನ ಗಾಡಿ ಕಟ್ಟಿಸಿಕೊಂಡು, ಆಮೇಲೆ ಬಸ್ಸು ಹತ್ತಿ, ದಾರಿಯುದ್ದಕ್ಕೂ ಧೂಳು ಕುಡಿಯುತ್ತ ಹೋಗುತ್ತಿದ್ದಳೇ ಹೊರತು, ನಮ್ಮೂರಿನ ಹೆಸರನ್ನೇ ಹೊತ್ತ ಆ ಸ್ಟೇಷನ್ನಿನಲ್ಲಿ ನಿಲ್ಲುವ ರೈಲನ್ನು ಒಮ್ಮೆಯೂ ಹತ್ತಿದವಳಲ್ಲ. ಹುಡುಗನಾಗಿದ್ದ ನನಗೆ ಇದು ವಿಚಿತ್ರವಾಗಿ ತೋರುತ್ತಿತ್ತು. ರೈಲೆಂದರೆ ಊಟ ನಿದ್ರೆಗಳನ್ನು ಮರೆಯುವ ವಯಸ್ಸು ನನ್ನದು. ಕಾರಣ ಕೇಳಿದರೆ, "ನಿನಗೇಕಪ್ಪಾ ಅದೆಲ್ಲ" ಎಂದು ಮಾತು ತಿರುಗಿಸಿಬಿಡುತ್ತಿದ್ದಳು. ನನಗೆ ಹದಿನಾರು ತುಂಬಿದ ಮೇಲೆ ಒಂದು ದಿನ, ಅವರೆಕಾಯಿ ಸುಲಿಯುತ್ತ ಕುಳಿತಿದ್ದವಳು, ಕೇಳದೆಯೇ ಹೇಳಿದಳು.

೧೯೪೯ನೆಯ ಇಸವಿಯ ಮಾಗಿಯ ಕಾಲದಲ್ಲಿ ನನ್ನ ದೊಡ್ಡಮ್ಮ, ಎಂದರೆ ನನ್ನ ತಾಯಿಯ ಅಕ್ಕ, ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ವಯಸ್ಸು ಹತ್ತೊಂಬತ್ತು. ಬೆಳಗಿನ ಜಾವದಲ್ಲಿ ಹೆಣ್ಣುಮಗು ಹುಟ್ಟಿತು, ಗಟ್ಟಿಯಾಗಿ ಅತ್ತಿತು. ಮಂತ್ರಸಾನಿ ಹೊಕ್ಕುಳ ಬಳ್ಳಿಯನ್ನು ಕತ್ತರಿಸಿ, ಮಗುವನ್ನು ಮರದಲ್ಲಿ ಮಲಗಿಸಿದಳು. ಮಾಸೂ ಬಿದ್ದಿತು. ಮನೆಯವರೆಲ್ಲ ನಿಟ್ಟುಸಿರಿಟ್ಟು ನೀರೊಲೆಗೆ ಉರಿ ಹಾಕಿದರು. ಆದರೆ ಬಾಣಂತಿಗೆ ರಕ್ತ ಹೋಗುತ್ತಲೇ ಇತ್ತು. "ಹೋಗುವುದು ಉಂಟು, ಕೆಟ್ಟ ರಕ್ತ ಹೋದರೆ ಒಳ್ಳೆಯದೇ" ಎಂದು ಹಿರಿಯರು ಅಂದರಂತೆ. ಹಳೆಯ ಸೀರೆಯ ತುಂಡುಗಳು ಒಂದಾದ ಮೇಲೊಂದು ತೊಯ್ದವು. ಬಿಸಿಲೇರುವ ಹೊತ್ತಿಗೆ ದೊಡ್ಡಮ್ಮ ಮೇಲಿಂದ ಮೇಲೆ ನೀರು ಕೇಳತೊಡಗಿದಳು, ಕೈಕಾಲು ತಣ್ಣಗಾದವು. ಆಗ ಹೊರಸಿನ ಮೇಲೆ ಮಲಗಿಸಿ ನಾಲ್ವರು ಹೊತ್ತುಕೊಂಡು ಸ್ಟೇಷನ್ನಿಗೆ ಓಡಿದರು. ಆ ಕಾಲಕ್ಕೆ ಬೌರಿಂಗ್‌ಪೇಟೆ ಎನ್ನುತ್ತಿದ್ದ ಬಂಗಾರಪೇಟೆಯ ಕಡೆಗೆ ಹೋಗುವ ರೈಲು ಬರಲು ಇನ್ನೂ ಸ್ವಲ್ಪ ಹೊತ್ತಿತ್ತು. ಅಜ್ಜಿ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಪ್ಲಾಟ್‌ಫಾರಮ್ಮಿನ ಮಣ್ಣಿನಲ್ಲಿ ಕುಳಿತಳು. ರೈಲು ಬಂದಿತು. ಹೊರಸನ್ನು ಎತ್ತಿ ಅದರೊಳಗಿಡುವ ಅವಶ್ಯಕತೆ ಆ ವೇಳೆಗೆ ಉಳಿದಿರಲಿಲ್ಲ.

ಮರದಲ್ಲಿ ಮಲಗಿದ್ದ ಮಗು ಬದುಕಿತು. ಅಜ್ಜಿಯು ಅದಕ್ಕೆ ಹಸುವಿನ ಹಾಲು ಕುಡಿಸಿ ಸಾಕಿದಳು. ನನಗಿಂತ ನಾಲ್ಕು ವರ್ಷ ದೊಡ್ಡವಳಾದ ಆಕೆಯನ್ನು ನಾನು ಹುಟ್ಟಿದಂದಿನಿಂದ ಅಕ್ಕ ಎಂದೇ ಕರೆದು ಬಲ್ಲೆ.

ಈ ಹಳೆಯ ದುಃಖವನ್ನು ಓದುಗರ ಮುಂದೆ ತೆರೆದಿಡುವುದಕ್ಕೆ ಕಾರಣವುಂಟು. ಎಪ್ಪತ್ತು ವರ್ಷಗಳ ತರುವಾಯ ಅದೇ ಮನೆಗೆ, ಚೊಚ್ಚಲ ಹೆರಿಗೆಗಾಗಿಯೇ ಬಂದ ನನ್ನ ಮಗಳಿಗೆ ಬೇರೊಂದು ಬಗೆಯ ಗಂಡಾಂತರ ಒದಗಿತು. ಆಗ ನಾನು ಮಾಡಬೇಕಾಗಿದ್ದು ಮಾಡದೆ ಬಿಟ್ಟ ಒಂದು ಸಣ್ಣ ಕೆಲಸವು ಇಂದಿಗೂ ನನ್ನನ್ನು ಚುಚ್ಚುತ್ತಿರುವುದು. ತಾಯಿ ಮಕ್ಕಳ ಆರೋಗ್ಯವನ್ನು ಕುರಿತು ಪಂಡಿತರು ಬರೆದಿರುವುದು ಬೇಕಾದಷ್ಟಿದೆ. ಶಾಲೆಯ ಮೇಷ್ಟ್ರಾಗಿ ಜೀವಮಾನವನ್ನು ಕಳೆದ ನನಗೆ ಆ ಅಧಿಕಾರವಿಲ್ಲ. ಕಂಡದ್ದನ್ನೂ, ಕಂಡ ಮೇಲೆ ಓದಿ ತಿಳಿದದ್ದನ್ನೂ ಹೇಳುವೆನು.

ನಮ್ಮ ಕಾಮಸಮುದ್ರವು ಬಂಗಾರಪೇಟೆ ತಾಲ್ಲೂಕಿನ ಒಂದು ಹೋಬಳಿಯ ಮುಖ್ಯಸ್ಥಳ. ಕನ್ನಡನಾಡು ಆಂಧ್ರವನ್ನೂ ತಮಿಳುನಾಡನ್ನೂ ಸಂಧಿಸುವ ಮೂಲೆ ಇದು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳೂ ಸೇರಿದ ಮೂರು ಮಾತು ಎಂಬಂತೆ ನಮ್ಮ ಬಾಳು. ಹೆರಿಗೆ ಮಾಡಿಸುವವಳನ್ನು ಕನ್ನಡದವರು ಸೂಲಗಿತ್ತಿ ಎನ್ನುವರು, ತೆಲುಗಿನವರು ಮಂತ್ರಸಾನಿ ಎನ್ನುವರು. ರಾಗಿ ತೆನೆಗಟ್ಟುವ ದಿನಗಳಲ್ಲಿ ಗಡಿಯಾಚೆಯ ಕಾಡಿನಿಂದ ಆನೆಗಳು ಹೊಲಗಳಿಗೆ ಇಳಿಯುವುದುಂಟು. ಸ್ವಲ್ಪ ದೂರದಲ್ಲಿಯೇ ಚಿನ್ನದ ಗಣಿ. ಅಲ್ಲಿಗೆ ೧೯೦೨ರಲ್ಲಿಯೇ ಶಿವನಸಮುದ್ರದಿಂದ ತಂತಿಯ ಮೇಲೆ ವಿದ್ಯುಚ್ಛಕ್ತಿ ಬಂದಿತ್ತು. ಗಣಿಯ ಕೆಲಸಗಾರರಿಗೆಂದು ದೊಡ್ಡ ಆಸ್ಪತ್ರೆಯೂ ಇತ್ತು. ಕೋಲಾರದಲ್ಲಿ ಮೆಥಡಿಸ್ಟ್ ಮಿಷನ್ನಿನವರು ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿಯೇ ಹೆಂಗಸರಿಗಾಗಿ ಆಸ್ಪತ್ರೆಯನ್ನು ತೆರೆದಿದ್ದರು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯು ೧೯೩೫ರಲ್ಲಿ ಆರಂಭವಾಗಿತ್ತು. ಆ ಬೆಂಗಳೂರಿಗೆ ೧೮೬೪ರಲ್ಲಿ ಬಂದ ರೈಲಿನ ಹಳಿಯು ನಮ್ಮೂರಿನ ಮೇಲೆಯೇ ಹಾದುಹೋಗಿತ್ತು. ಇಷ್ಟೆಲ್ಲ ಇದ್ದೂ ೧೯೪೯ರಲ್ಲಿ ನಮ್ಮ ಬಾಣಂತಿಯ ಕೋಣೆಯಲ್ಲಿ ಉರಿಯುತ್ತಿದ್ದುದು ಹರಳೆಣ್ಣೆಯ ದೀಪ. ಆಸ್ಪತ್ರೆಗಳು ಇದ್ದವು; ಅವುಗಳಿಗೂ ಹೆರುವ ಹೆಂಗಸಿಗೂ ನಡುವೆ ದಾರಿಯೊಂದು ಇರಲಿಲ್ಲ.

ದೊಡ್ಡಮ್ಮನ ಸಾವಿಗೆ ಮಂತ್ರಸಾನಿಯೇ ಕಾರಣಳೆಂದು ಅಜ್ಜಿ ಎಂದೂ ಅಂದವಳಲ್ಲ. ನನ್ನ ತಾಯಿಯ ಹೆರಿಗೆಗಳಿಗೂ ಆಕೆಯನ್ನೇ ಕರೆಸಿದಳು. ಇದು ನ್ಯಾಯವೇ. ನಮ್ಮಂತೆಯೇ ತೆಲುಗು ಕನ್ನಡಗಳೆರಡೂ ಬಳಕೆಯಲ್ಲಿರುವ ಪಾವಗಡ ತಾಲ್ಲೂಕಿನಲ್ಲಿ ಸೂಲಗಿತ್ತಿ ನರಸಮ್ಮನವರು ಒಂದು ಕಾಸನ್ನೂ ಕೇಳದೆ ಹದಿನೈದು ಸಾವಿರಕ್ಕೂ ಮಿಕ್ಕಿದ ಹೆರಿಗೆಗಳನ್ನು ಮಾಡಿಸಿದ ಸಂಗತಿಯು ಎಲ್ಲರಿಗೂ ತಿಳಿದದ್ದೇ. ೨೦೧೮ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಅಂತಹ ಹೆಂಗಸರು ಹೊಟ್ಟೆಯ ಮೇಲೆ ಅಂಗೈಯಿಟ್ಟು ಕೂಸಿನ ತಲೆ ಎತ್ತ ಇದೆಯೆಂದು ಹೇಳಬಲ್ಲವರಾಗಿದ್ದರು. ರಾತ್ರಿಯೆಲ್ಲ ಬಳಿಯಲ್ಲಿ ಕುಳಿತು ಬೆನ್ನು ನೀವಬಲ್ಲವರಾಗಿದ್ದರು. ಗರ್ಭಕೋಶವನ್ನು ಬಿಗಿಗೊಳಿಸಿ ರಕ್ತವನ್ನು ನಿಲ್ಲಿಸುವ ಔಷಧ, ಹೋದ ರಕ್ತಕ್ಕೆ ಬದಲಾಗಿ ಕೊಡುವ ರಕ್ತ, ಇವು ಮಾತ್ರ ಅವರ ಕೈಯಲ್ಲಿ ಇರಲಿಲ್ಲ. ಪ್ರೀತಿಗೆ ಕೊರತೆಯಿರಲಿಲ್ಲ, ಸಾಧನವಿರಲಿಲ್ಲ.

ದೊಡ್ಡಮ್ಮ ತೀರಿಕೊಳ್ಳುವುದಕ್ಕೆ ಮೂರು ವರ್ಷ ಮೊದಲು, ೧೯೪೬ರಲ್ಲಿ, ಭೋರ್ ಸಮಿತಿಯು ದೇಶದ ಆರೋಗ್ಯಸ್ಥಿತಿಯನ್ನು ಕುರಿತ ವರದಿಯನ್ನು ಸರ್ಕಾರಕ್ಕೆ ಒಪ್ಪಿಸಿತ್ತು. ಆ ಕಾಲದಲ್ಲಿ ಸಾವಿರ ಹೆರಿಗೆಗಳಿಗೆ ಸುಮಾರು ೨೦ ಮಂದಿ ತಾಯಂದಿರು ಸಾಯುತ್ತಿದ್ದರೆಂಬುದು ಅದರ ಅಂದಾಜು. ಹಳ್ಳಿಗಳಿಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಬೇಕೆಂಬ ಯೋಚನೆಯು ಬೇರೂರಿದ್ದು ಆ ವರದಿಯಿಂದಲೇ. ಅನಂತರದ ಕೆಲಸವು ನಿಧಾನವಾಗಿ ನಡೆಯಿತು. ೨೦೦೫ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವು ಆರಂಭವಾದ ಮೇಲೆ ಅದಕ್ಕೆ ವೇಗ ಬಂದಿತು. ಊರಿನ ಹೆಂಗಸರಲ್ಲೇ ಒಬ್ಬಳನ್ನು ಆರಿಸಿ ಆಶಾ ಕಾರ್ಯಕರ್ತೆಯೆಂದು ನೇಮಿಸಿದರು. ೨೦೦೮ರಲ್ಲಿ ಕರ್ನಾಟಕದಲ್ಲಿ ೧೦೮ರ ಗಾಡಿ ಓಡಾಡತೊಡಗಿತು. ೨೦೧೧ರಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ, ಔಷಧ, ರಕ್ತ, ಊಟ, ಮನೆಗೆ ಮರಳುವ ವಾಹನ, ಎಲ್ಲವೂ ಉಚಿತವೆಂದಾಯಿತು. ೨೦೧೭ರ ಗಾಂಧೀಜಯಂತಿಯಂದು ಮಾತೃಪೂರ್ಣ ಯೋಜನೆಯಿಂದ ಅಂಗನವಾಡಿಗಳಲ್ಲಿ ಬಸುರಿ ಬಾಣಂತಿಯರಿಗೆ ಬಿಸಿಯೂಟ ಬಂದಿತು. ಇವುಗಳ ಫಲವನ್ನು ಅಂಕಿಗಳೇ ಸಾರುತ್ತಿವೆ. ನಮ್ಮ ರಾಜ್ಯದಲ್ಲಿ ಆಸ್ಪತ್ರೆಗಳಲ್ಲಿ ಆಗುವ ಹೆರಿಗೆಗಳು ೨೦೦೫–೦೬ರ ಸಮೀಕ್ಷೆಯಲ್ಲಿ ನೂರಕ್ಕೆ ೬೫ರಷ್ಟಿದ್ದವು. ೨೦೧೯–೨೧ರ ಸಮೀಕ್ಷೆಯಲ್ಲಿ ೯೭ ಆದವು. ಲಕ್ಷ ಜೀವಂತ ಜನನಗಳಿಗೆ ೨೦೦೪–೦೬ರಲ್ಲಿ ೨೧೩ ಇದ್ದ ತಾಯಂದಿರ ಮರಣವು ೨೦೧೮–೨೦ರಲ್ಲಿ ೬೯ಕ್ಕೆ ಇಳಿಯಿತು. ಇದು ಸಾಮಾನ್ಯವಾದ ಸಾಧನೆಯಲ್ಲ. ಅಜ್ಜಿ ಇದ್ದಿದ್ದರೆ ಕೈಮುಗಿಯುತ್ತಿದ್ದಳು.

ಹೀಗೆ ದಾರಿಯಾಯಿತು, ಹೆಂಗಸರು ಆಸ್ಪತ್ರೆಯ ಹೊಸಿಲನ್ನು ದಾಟಿದರು. ದಾಟಿದ ಮೇಲೆ ಒಳಗೆ ಏನು ನಡೆಯುತ್ತದೆಂಬುದು ಬೇರೆಯ ಪ್ರಶ್ನೆ. ಅದು ನನಗೆ ತಿಳಿದುಬಂದುದು ನನ್ನ ಮಗಳ ಮೂಲಕ.

೨೦೧೯ರ ಕಾರ್ತಿಕದಲ್ಲಿ, ಸೀಮಂತ ಮುಗಿಸಿಕೊಂಡು, ಎಂಟನೆಯ ತಿಂಗಳು ಹಿಡಿದಾಗ ಅವಳು ತವರಿಗೆ ಬಂದಳು. ಅದುವರೆಗೆ ಪರೀಕ್ಷೆಗಳೆಲ್ಲ ಅವಳ ಗಂಡನ ಊರಿನ ಒಂದು ಆಸ್ಪತ್ರೆಯಲ್ಲಿ ನಡೆದಿದ್ದವು. ಅದು ಯಾವುದೆಂದು ನಾನಿಲ್ಲಿ ಹೇಳುವುದಿಲ್ಲ. ಹೇಳಿದರೆ ಪ್ರಯೋಜನವೂ ಇಲ್ಲ. ಬಂದ ದಿನ ಸಂಜೆ ಅವಳ ತಾಯಿ ಕಾರ್ಡನ್ನು ಕುತೂಹಲಕ್ಕೆಂದು ತೆರೆದು ನೋಡಿದೆ. ತೂಕ, ರಕ್ತದ ಬಲ, ರಕ್ತದೊತ್ತಡ, ಪ್ರತಿಯೊಂದಕ್ಕೂ ಒಂದೊಂದು ಅಂಕಣ. ಒಂದೂ ಖಾಲಿ ಬಿಟ್ಟಿರಲಿಲ್ಲ. ರಕ್ತದೊತ್ತಡದ ಅಂಕಣದ ಕಡೆಯ ಮೂರು ಸಾಲುಗಳಲ್ಲಿ ೧೧೦/೭೦, ೧೧೦/೭೦, ೧೧೦/೭೦ ಎಂದಿತ್ತು. ತಿಂಗಳುಗಳು ಬೇರೆ ಬೇರೆ. ಶಾಯಿ ಒಂದೇ, ಅಕ್ಷರದ ಓಟವೂ ಒಂದೇ. ಮೂರೂ ಸಾಲುಗಳನ್ನು ಒಂದೇ ಕುಳಿತಕ್ಕೆ ಬರೆದದ್ದೆಂದು ನನ್ನ ಕಣ್ಣಿಗೆ ಆ ಕ್ಷಣವೇ ತೋರಿತು.

ಇದು ನನಗೆ ಹೇಗೆ ತೋರಿತೆಂಬುದನ್ನು ಮರೆಮಾಚದೆ ಹೇಳಿಬಿಡಬೇಕು. ಇನ್‌ಸ್ಪೆಕ್ಟರು ಬರುವ ಹಿಂದಿನ ರಾತ್ರಿ ಹಾಜರಿ ಪುಸ್ತಕವನ್ನು ಎದುರಿಗಿಟ್ಟುಕೊಂಡು, ಹದಿನೈದು ದಿನಗಳ ಹಾಜರಿಯನ್ನು ಒಂದೇ ಶಾಯಿಯಲ್ಲಿ ತುಂಬಿದವನು ನಾನೇ. ಮಕ್ಕಳು ಬಂದಿದ್ದರೋ ಇಲ್ಲವೋ ಎಂಬುದಕ್ಕಿಂತ ಅಂಕಣವು ಖಾಲಿಯಿರಬಾರದೆಂಬುದೇ ಆಗ ನನಗೆ ಮುಖ್ಯವಾಗಿತ್ತು. ಆ ವಿದ್ಯೆಯ ಬಲದಿಂದಲೇ ಈ ಬರಹದ ಗುಟ್ಟನ್ನು ಗುರುತಿಸಿದೆ. ಗುರುತಿಸಿ ಏನು ಮಾಡಿದೆ? ಕಾರ್ಡನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟೆ. ಬೀಗರ ಊರಿನ ಆಸ್ಪತ್ರೆಯ ಮೇಲೆ ಸಂದೇಹವನ್ನು ಆಡಿದರೆ ಅಳಿಯನು ಏನೆಂದುಕೊಂಡಾನು ಎಂಬ ಸಂಕೋಚ. ಓದುಬರಹ ಬಲ್ಲ ನಾನೇ ಮನೆಯ ಹೆಂಗಸರನ್ನು ಹೆದರಿಸುವುದೇ ಎಂಬ ಅಂಜಿಕೆ. ಎಲ್ಲಕ್ಕಿಂತ ಹೆಚ್ಚಾಗಿ, ನಾನು ಮಾಡಿದ್ದನ್ನೇ ಇನ್ನೊಬ್ಬರು ಮಾಡಿದಾಗ ಮೇಲೆ ಬೀಳಲಾರದ ಒಂದು ಬಗೆಯ ನಾಚಿಕೆ. ಹೀಗೆ ಹನ್ನೆರಡು ದಿನಗಳು ಕಳೆದವು.

ಆ ದಿನಗಳಲ್ಲಿ ಅವಳ ಕಾಲುಗಳು ಬಾತವು. ಬಸುರಿಯ ಕಾಲು ಬಾಯುವುದು ಸಹಜವೆಂದು ನನ್ನ ಹೆಂಡತಿ ಹೇಳಿದಳು. ಆಮೇಲೆ ತಲೆನೋವೆಂದಳು, ಚಳಿಗಾಳಿಯೆಂದು ಹತ್ತಿ ಇಟ್ಟೆವು. ಹನ್ನೆರಡನೆಯ ದಿನ ಸಂಜೆ, ದೀಪ ಹಚ್ಚುವ ಹೊತ್ತಿನಲ್ಲಿ, "ಅಪ್ಪಾ, ದೀಪ ಎರಡಾಗಿ ಕಾಣುತ್ತಿದೆ" ಎಂದಳು. ಹೊಸಬಳು ಬಂದಿದ್ದಾಳೆಂದು ವಿಚಾರಿಸಿಕೊಳ್ಳಲು ಬಂದು ಜಗಲಿಯಲ್ಲಿ ಕುಳಿತಿದ್ದ ಆಶಾ ಕಾರ್ಯಕರ್ತೆಯು ಆ ಮಾತನ್ನು ಕೇಳಿದವಳೇ ಎದ್ದು ಹೋಗಿ, ನರ್ಸಮ್ಮನನ್ನು ಕರೆತಂದಳು. ಏಳನೆಯ ತರಗತಿಯಲ್ಲಿ ನನ್ನ ಕೈಯಲ್ಲಿ ಓದಿದ ಹುಡುಗಿ ಈ ಆಶಾ. ಲೆಕ್ಕದಲ್ಲಿ ಹಿಂದೆಂದು ನಾನು ಬೈದಿದ್ದೂ ಉಂಟು.

ನರ್ಸಮ್ಮನು ಮಾತನಾಡದೆ ಮಗಳನ್ನು ಕುಳ್ಳಿರಿಸಿ ತೋಳಿಗೆ ಪಟ್ಟಿ ಕಟ್ಟಿದಳು. ನೋಡಿದಳು. ಪಟ್ಟಿಯನ್ನು ಬಿಚ್ಚಿ, ಎಡಮಗ್ಗುಲಾಗಿ ಮಲಗಿಸಿ, ಕಾಲುಗಂಟೆ ಸುಮ್ಮನೆ ಕಾದಳು, ಮತ್ತೆ ಕಟ್ಟಿದಳು. ಆಮೇಲೆ ಕಾರ್ಡನ್ನು ತರಿಸಿ, ಆ ಮೂರು ಸಾಲುಗಳ ಕೆಳಗೆ ನಾಲ್ಕನೆಯ ಸಾಲನ್ನು ಬರೆದಳು: ೧೬೦/೧೧೦. "ಮೇಷ್ಟ್ರೇ, ಗಾಡಿಗೆ ಫೋನು ಮಾಡಿ. ಬೆಳಗಾಗುವವರೆಗೂ ಕಾಯುವ ಹಾಗಿಲ್ಲ" ಎಂದಳು.

ಬಸುರಿನಲ್ಲಿ ರಕ್ತದೊತ್ತಡವು ಹೀಗೆ ಏರಿ, ಮೂತ್ರದಲ್ಲಿ ಸಾರಾಂಶವು ಸೋರಿಹೋಗುವ ಈ ಬೇನೆಗೆ ನಮ್ಮವರು ಬಸಿರುನಂಜು ಎನ್ನುವರು. ಅದು ಬಲಿತರೆ ಸೆಳವು ಬಂದು ತಾಯಿ ಮಗು ಇಬ್ಬರ ಪ್ರಾಣಕ್ಕೂ ಅಪಾಯ. ಇದನ್ನು ತಡೆಯುವ ಔಷಧವು ಅಗ್ಗದ ಒಂದು ಲವಣ, ಮೆಗ್ನೀಸಿಯಂ ಸಲ್ಫೇಟು. ೩೩ ದೇಶಗಳ ಹತ್ತು ಸಾವಿರಕ್ಕೂ ಹೆಚ್ಚು ಬಸುರಿಯರಲ್ಲಿ ಅದನ್ನು ಪರೀಕ್ಷಿಸಿ, ಸೆಳವಿನ ಅಪಾಯವನ್ನು ಅದು ಅರ್ಧಕ್ಕಿಂತಲೂ ಕೆಳಗಿಳಿಸುವುದೆಂದು ೨೦೦೨ರಲ್ಲಿ ಪ್ರಕಟಿಸಿದರು. ಊರಿನ ಆಸ್ಪತ್ರೆಯ ವೈದ್ಯರು ಮೂತ್ರವನ್ನು ಪರೀಕ್ಷಿಸಿ, ಅದರ ಮೊದಲ ಚುಚ್ಚುಮದ್ದನ್ನು ಕೊಟ್ಟ ಮೇಲೆಯೇ ಗಾಡಿಯನ್ನು ಬಿಟ್ಟರು. ಮುಂದಿನ ಆಸ್ಪತ್ರೆಗೆ ತಾವೇ ಫೋನಿನಲ್ಲಿ ಸುದ್ದಿ ಕೊಟ್ಟರು. ದಾರಿಯಲ್ಲಿ ಆನೆಗಳು ಇಳಿದಿವೆಯೆಂದು ಅರಣ್ಯ ಇಲಾಖೆಯ ಕಾವಲುಗಾರನು ಗಾಡಿಯನ್ನು ತಡೆದು ನಿಲ್ಲಿಸಿದನು. ದೀಪವನ್ನು ಆರಿಸಿ ಇಪ್ಪತ್ತು ನಿಮಿಷ ಕತ್ತಲಲ್ಲಿ ಕುಳಿತೆವು. ಮಗಳ ತಲೆಯು ಅವಳ ತಾಯಿಯ ತೊಡೆಯ ಮೇಲಿತ್ತು. ಆ ಇಪ್ಪತ್ತು ನಿಮಿಷಗಳಲ್ಲಿ ನನಗೆ ಕಾಣುತ್ತಿದ್ದುದು ಆನೆಯಲ್ಲ; ಕಾಮಸಮುದ್ರದ ಪ್ಲಾಟ್‌ಫಾರಮ್ಮು.

ದೇವರು ದೊಡ್ಡವನು. ಕೋಲಾರದಲ್ಲಿ ಆ ರಾತ್ರಿಯೇ ಶಸ್ತ್ರಚಿಕಿತ್ಸೆಯಿಂದ ಹೆರಿಗೆಯಾಯಿತು. ಗಂಡುಮಗು, ತೂಕ ೧,೮೦೦ ಗ್ರಾಂ. ದಾದಿಯರು ಅದನ್ನು ಬಟ್ಟೆಯಲ್ಲಿ ಸುತ್ತಿ ದೂರವಿಡದೆ, ತಾಯಿಯ ಎದೆಗೇ ಅವಚಿ ಕಟ್ಟಿದರು. ಕೊಲಂಬಿಯ ದೇಶದ ಬೊಗೊಟಾ ನಗರದಲ್ಲಿ, ಎಳೆಗೂಸುಗಳನ್ನು ಬೆಚ್ಚಗಿಡುವ ಪೆಟ್ಟಿಗೆಗಳು ಸಾಲದೆ, ೧೯೭೮ರ ಸುಮಾರಿನಲ್ಲಿ ವೈದ್ಯರು ಕಂಡುಕೊಂಡ ಉಪಾಯವಂತೆ ಇದು. ಮೂರು ವಾರಗಳ ಮೇಲೆ ಇಬ್ಬರೂ ಮನೆಗೆ ಬಂದರು.

ಆಮೇಲೆ ನನಗೆ ನಿದ್ರೆ ಬಾರದ ರಾತ್ರಿಗಳು ಕೆಲವು ಬಂದವು. ಆ ಮೂರು ಸಾಲುಗಳನ್ನು ಬರೆದವರು ಕ್ರೂರಿಗಳಾಗಿರಲಾರರು. ಹೊರಗೆ ಅರವತ್ತು ಮಂದಿ ಬಸುರಿಯರು ಸಾಲುಗಟ್ಟಿರಬಹುದು. ಪಟ್ಟಿಯ ಯಂತ್ರ ಕೆಟ್ಟಿರಬಹುದು. ಮೇಲಿನವರು ಕೇಳುತ್ತಿದ್ದುದು ತುಂಬಿದ ಅಂಕಣವನ್ನೇ ಹೊರತು ಅಳೆದ ತೋಳನ್ನಲ್ಲದಿರಬಹುದು. ನನ್ನ ಹಾಜರಿ ಪುಸ್ತಕದ ಕಥೆಯೂ ಅದೇ ಅಲ್ಲವೇ? ಆದರೆ ನನ್ನ ಸುಳ್ಳಿನಿಂದ ಹುಡುಗನೊಬ್ಬನ ಒಂದು ದಿನದ ಪಾಠ ಹೋಗಿರಬಹುದು. ಈ ಸುಳ್ಳು ಒಂದು ಮನೆಯ ಎರಡು ಜೀವಗಳನ್ನು ಕೊಂಡುಹೋಗುವುದರಲ್ಲಿತ್ತು.

ಈ ವಿಷಯವಾಗಿ ಓದತೊಡಗಿದಾಗ ನಮ್ಮ ನಾಡಿನಲ್ಲಿಯೇ ನಡೆದ ಒಂದು ಪ್ರಯೋಗವು ಕಣ್ಣಿಗೆ ಬಿದ್ದಿತು. ವಿಶ್ವ ಆರೋಗ್ಯ ಸಂಸ್ಥೆಯವರು ಹೆರಿಗೆಯ ವೇಳೆಯಲ್ಲಿ ಮರೆಯದೆ ಮಾಡಬೇಕಾದ ಕೆಲಸಗಳ ಒಂದು ಪಟ್ಟಿಯನ್ನು ಸಿದ್ಧಪಡಿಸಿ, ೨೦೧೦ರಲ್ಲಿ ಅದನ್ನು ಕರ್ನಾಟಕದ ತಾಲ್ಲೂಕು ಮಟ್ಟದ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಪರೀಕ್ಷಿಸಿದರು. ಕೈ ತೊಳೆಯುವುದು, ರಕ್ತದೊತ್ತಡ ನೋಡುವುದು, ಮಗು ಹುಟ್ಟಿದೊಡನೆ ತಾಯಿಗೆ ರಕ್ತ ನಿಲ್ಲಿಸುವ ಔಷಧ ಕೊಡುವುದು, ಮಗುವನ್ನು ತಾಯಿಯ ಮೈಗೆ ತಾಗಿಸಿಡುವುದು ಇಂತಹವು ಒಟ್ಟು ೨೯. ಇವುಗಳಲ್ಲಿ ಒಂದೊಂದೂ ಸುಲಭ, ಯಾವುದೂ ದುಬಾರಿಯಲ್ಲ. ಆದರೂ ಪಟ್ಟಿಯನ್ನು ಬಳಸುವ ಮೊದಲು ಪ್ರತಿ ಹೆರಿಗೆಯಲ್ಲಿ ಸರಾಸರಿ ೧೦ ಕೆಲಸಗಳು ಮಾತ್ರ ನಡೆಯುತ್ತಿದ್ದವು. ಬಳಸಿದ ಮೇಲೆ ೨೫ ನಡೆದವು. ಅದೇ ಆಸ್ಪತ್ರೆ, ಅದೇ ದಾದಿಯರು. ಇದನ್ನು ಓದಿ ನನಗೆ ಆನಂದವಾಯಿತು.

ಮುಂದಿನ ಅಧ್ಯಾಯವನ್ನು ಓದಿದಾಗ ಆ ಆನಂದವು ಸ್ವಲ್ಪ ತಗ್ಗಿತು. ಉತ್ತರ ಪ್ರದೇಶದ ೧೨೦ ಆಸ್ಪತ್ರೆಗಳಲ್ಲಿ, ಒಂದೂವರೆ ಲಕ್ಷಕ್ಕೂ ಮಿಕ್ಕಿದ ಹೆರಿಗೆಗಳಲ್ಲಿ ಅದೇ ಪಟ್ಟಿಯ ಫಲವನ್ನು ನೋಡಿದರು. ೨೦೧೭ರಲ್ಲಿ ಫಲಿತಾಂಶವು ಹೊರಬಂದಿತು. ದಾದಿಯರ ನಡವಳಿಕೆಯೇನೋ ಸುಧಾರಿಸಿತು. ಆದರೆ ತಾಯಿ ಮಕ್ಕಳ ಸಾವುಗಳು ಕಡಿಮೆಯಾಗಲಿಲ್ಲ. ಪಟ್ಟಿಯೊಂದೇ ಸಾಲದೆಂದು ಇದರಿಂದ ತಿಳಿಯಬೇಕು. ಒತ್ತಡ ಏರಿದೆಯೆಂದು ಕಂಡ ಮೇಲೆ ಮುಂದೇನು ಮಾಡಬೇಕೆಂದು ಬಲ್ಲ ಕೈ ಬೇಕು, ಔಷಧ ಬೇಕು, ರಕ್ತ ಬೇಕು, ಗಾಡಿ ಬೇಕು, ಮುಂದಿನ ಆಸ್ಪತ್ರೆಯಲ್ಲಿ ಎಚ್ಚರವಿರುವ ವೈದ್ಯರು ಬೇಕು. ನನ್ನ ಮಗಳ ಪಾಲಿಗೆ ಆ ರಾತ್ರಿ ಈ ಸರಪಣಿಯ ಕೊಂಡಿಗಳೆಲ್ಲ ಕೂಡಿಬಂದವು. ಒಂದು ಕಳಚಿದ್ದರೂ ಉಳಿದವು ವ್ಯರ್ಥವಾಗುತ್ತಿದ್ದವು. ಆದರೆ ಮೊದಲನೆಯ ಕೊಂಡಿಯು ಮಾತ್ರ ನಿಜವಾಗಿ ಅಳೆಯುವುದೇ. ಅಳೆಯದಿದ್ದರೆ ಉಳಿದವುಗಳಿಗೆ ಎಚ್ಚರವೇ ಆಗದು.

ವೈದ್ಯಶಾಸ್ತ್ರವು ಈ ಪಾಠವನ್ನು ಮತ್ತೆ ಮತ್ತೆ ಕಲಿತಿದೆ. ೧೮೪೭ರಲ್ಲಿ ವಿಯೆನ್ನಾ ನಗರದ ಹೆರಿಗೆ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯನು, ಹೆಣಗಳನ್ನು ಪರೀಕ್ಷಿಸಿ ನೇರವಾಗಿ ಹೆರಿಗೆಯ ಕೋಣೆಗೆ ಬರುವವರು ಸುಣ್ಣದ ಕ್ಲೋರಿನ್ ನೀರಿನಲ್ಲಿ ಕೈ ತೊಳೆಯಲೇಬೇಕೆಂದು ಕಟ್ಟುಮಾಡಿದನು. ಕೆಲವೇ ತಿಂಗಳಲ್ಲಿ ಬಾಣಂತಿಯರ ಮರಣವು ಎದ್ದುಕಾಣುವಷ್ಟು ಇಳಿಯಿತು. ತಮ್ಮ ಕೈಯೇ ಮೃತ್ಯುವನ್ನು ಹೊತ್ತು ತಂದಿತೆಂದು ಒಪ್ಪಿಕೊಳ್ಳಲು ಅಂದಿನ ಹಿರಿಯ ವೈದ್ಯರಲ್ಲಿ ಅನೇಕರಿಗೆ ಮನಸ್ಸಾಗಲಿಲ್ಲ. ಇನ್ನೊಂದು ನಿನ್ನೆ ಮೊನ್ನೆಯದು. ಹೆರಿಗೆಯ ಮೇಲೆ ಹೋದ ರಕ್ತವನ್ನು ಈಗಲೂ ಬಹಳ ಕಡೆ ಕಣ್ಣಂದಾಜಿನಿಂದಲೇ ಹೇಳುತ್ತಾರೆ. ಕಣ್ಣು ಯಾವಾಗಲೂ ಕಡಿಮೆಯೆಂದೇ ಹೇಳುವುದು. ಆಫ್ರಿಕದ ನಾಲ್ಕು ದೇಶಗಳಲ್ಲಿ, ಬಾಣಂತಿಯ ಕೆಳಗೆ ಗೆರೆಗಳನ್ನು ಗುರುತಿಸಿದ ಒಂದು ಪ್ಲಾಸ್ಟಿಕ್ ಹಾಳೆಯನ್ನು ಹಾಸಿ, ರಕ್ತವು ಗೆರೆಯನ್ನು ಮುಟ್ಟಿದೊಡನೆಯೇ ಗೊತ್ತಾದ ಚಿಕಿತ್ಸೆಗಳನ್ನೆಲ್ಲ ಒಟ್ಟಿಗೆ ಮಾಡುವ ಕ್ರಮವನ್ನು ಪರೀಕ್ಷಿಸಿದರು. ವಿಷಮವಾದ ರಕ್ತಸ್ರಾವವೇ ಮೊದಲಾದ ಕೆಡುಕುಗಳು ನೂರಕ್ಕೆ ೬೦ರಷ್ಟು ಕಡಿಮೆಯಾದುವೆಂದು ೨೦೨೩ರಲ್ಲಿ ಪ್ರಕಟವಾಯಿತು. ಒಂದು ಹಾಳೆ, ಅದರ ಮೇಲೊಂದು ಗೆರೆ! ದೊಡ್ಡಮ್ಮನ ಸೀರೆಯ ತುಂಡುಗಳನ್ನು ಯಾರೂ ಎಣಿಸಲಿಲ್ಲ. ನಮ್ಮ ರಾಜ್ಯದ ಬಸುರಿಯರಲ್ಲಿ ನೂರಕ್ಕೆ ೪೫ ಮಂದಿಗೂ ಮಿಕ್ಕಿ ರಕ್ತಹೀನರೆಂದು ೨೦೧೯–೨೧ರ ಸಮೀಕ್ಷೆಯು ಹೇಳಿತು. ಮೊದಲೇ ಬಡವಾದ ರಕ್ತದಲ್ಲಿ ಅರ್ಧ ಸೇರು ಹೋದರೂ ಅದು ದೊಡ್ಡ ನಷ್ಟವೇ.

ಅಳತೆಯು ದಾದಿಯೊಬ್ಬಳ ಕರ್ತವ್ಯವೆಂದು ಕೈತೊಳೆದುಕೊಳ್ಳುವಂತೆಯೂ ಇಲ್ಲ. ೨೦೨೪ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಹೆರಿಗೆಯಾದ ತಾಯಂದಿರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ, ನರಕ್ಕೆ ಏರಿಸುವ ದ್ರವದ ಗುಣವೇ ಪ್ರಶ್ನೆಗೆ ಗುರಿಯಾದುದನ್ನು ಓದುಗರು ಮರೆತಿರಲಾರರು. ಸೀಸೆಯನ್ನು ಕೊಳ್ಳುವವರೂ ಪರೀಕ್ಷಿಸುವವರೂ ಹಂಚುವವರೂ ತಮ್ಮ ತಮ್ಮ ಅಂಕಣಗಳನ್ನು ತುಂಬುವವರೇ. ಅವರ ಬರಹವೂ ನಿಜವಾಗಿದ್ದಲ್ಲದೆ ಕೆಳಗಿನ ದಾದಿಯ ಶ್ರದ್ಧೆಯು ಸಫಲವಾಗದು.

ಇನ್ನೊಂದು ಮಾತು. ಹೆರಿಗೆಯ ನೋವಿನಲ್ಲಿ ಕೂಗಿಕೊಳ್ಳುವ ಹುಡುಗಿಯನ್ನು ಗದರಿಸುವ ದುರಭ್ಯಾಸವು ನಮ್ಮಲ್ಲಿ ಹೊಸದಲ್ಲ. ಮಂತ್ರಸಾನಿಯ ಕೈಯಲ್ಲಿ ಔಷಧವಿರಲಿಲ್ಲ, ಆದರೆ ಬಾಯಲ್ಲಿ ಒಳ್ಳೆಯ ಮಾತಿತ್ತು. ಔಷಧವು ಬಂದಾಗ ಮಾತು ಹೋಗಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ. ೨೦೧೭ರ ಕೊನೆಯಲ್ಲಿ ಕೇಂದ್ರ ಸರ್ಕಾರವು ಹೆರಿಗೆ ಕೋಣೆಗಳ ಗುಣಮಟ್ಟವನ್ನು ಹೆಚ್ಚಿಸಲು 'ಲಕ್ಷ್ಯ' ಎಂಬ ಕಾರ್ಯಕ್ರಮವನ್ನು ಕೈಗೊಂಡಾಗ, ಬಾಣಂತಿಯನ್ನು ಗೌರವದಿಂದ ಕಾಣುವುದೂ ಬಳಿಯಲ್ಲಿ ತನ್ನವರೊಬ್ಬರು ಇರುವುದೂ ಚಿಕಿತ್ಸೆಯ ಭಾಗವೆಂದೇ ಎಣಿಸಿತು. ಗೌರವ ದೊರೆತಲ್ಲಿ ಹೆಂಗಸು ತನ್ನ ಬೇನೆಯನ್ನು ಬಾಯಿಬಿಟ್ಟು ಹೇಳುವಳು. ಹೆದರಿಕೆಯಿರುವಲ್ಲಿ, ದೀಪ ಎರಡಾಗಿ ಕಂಡರೂ ಸುಮ್ಮನಿರುವಳು.

ವಿದ್ಯಾವಂತರಾದ ನಮ್ಮ ಮನೆಗಳವರು ಏನು ಮಾಡಬಹುದೆಂದು ಕೇಳಿದರೆ, ನನ್ನ ತಪ್ಪಿನಿಂದ ನಾನು ಕಲಿತಷ್ಟನ್ನು ಹೇಳಬಲ್ಲೆ. ಮನೆಯ ಹೆಣ್ಣುಮಕ್ಕಳ ತಾಯಿ ಕಾರ್ಡನ್ನು ತೆರೆದು ಓದಿರಿ. ಜಾತಕವನ್ನು ಓದುವಷ್ಟು ಶ್ರದ್ಧೆಯಿಂದ ಓದಿರಿ. ಅಂಕಿಗಳು ತಿಂಗಳಿಂದ ತಿಂಗಳಿಗೆ ಕದಲದೆ ನಿಂತಿದ್ದರೆ, "ಇನ್ನೊಮ್ಮೆ ನೋಡುವಿರಾ ತಾಯಿ?" ಎಂದು ವಿನಯದಿಂದ ಕೇಳಿರಿ. ಕೇಳುವುದು ಅವಮಾನವಲ್ಲ. ಶ್ರದ್ಧೆಯುಳ್ಳ ದಾದಿಗೆ ಅದು ಬೆಂಬಲವೇ ಆಗುವುದು. ಯಂತ್ರ ಕೆಟ್ಟಿದೆಯೆಂದು ಮೇಲಿನವರಿಗೆ ಬರೆಯಲು ಅವಳಿಗೊಂದು ಆಧಾರವಾಗುವುದು. ಕಾಲಿನ ಬಾವು, ತಲೆನೋವು, ಕಣ್ಣಿನ ಮಬ್ಬುಗಳನ್ನು ಬಸುರಿಗೆ ಸಹಜವೆಂದು ತಳ್ಳಿಹಾಕುವ ಮೊದಲು ಒಮ್ಮೆ ಅಳೆಯಿಸಿರಿ.

ಮೊಮ್ಮಗನ ನಾಮಕರಣಕ್ಕೆ ಅಕ್ಕ ಬಂದಿದ್ದಳು. ಎಪ್ಪತ್ತು ತುಂಬಿದ ಅವಳು, ಅಟ್ಟದ ಮೇಲಿದ್ದ ಹಳೆಯ ಮರವನ್ನು ಇಳಿಸಿಸಿ, ತೊಳೆಸಿ, ಅರಿಸಿನ ಹಚ್ಚಿ, ಮಗುವನ್ನು ಅದರಲ್ಲಿ ಮಲಗಿಸಿದಳು. ಸಂಜೆ, "ಸ್ಟೇಷನ್ನಿನ ತನಕ ಹೋಗಿ ಬರೋಣ ಬಾರೋ" ಎಂದು ನನ್ನನ್ನು ಕರೆದಳು. ಇಬ್ಬರೂ ಹೋಗಿ ಬೆಂಚಿನ ಮೇಲೆ ಕುಳಿತೆವು. ಒಂದು ಗೂಡ್ಸ್ ಗಾಡಿ ನಿಲ್ಲದೆ ಹಾದುಹೋಯಿತು. ಬಹಳ ಹೊತ್ತಿನ ಮೇಲೆ ಅಕ್ಕ, "ಅಮ್ಮನ ಮುಖ ಹೇಗಿತ್ತೆಂದು ಅಜ್ಜಿ ನಿನಗೇನಾದರೂ ಹೇಳಿದ್ದಳೇನೋ?" ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಪ್ರತಿ ತಿಂಗಳ ೯ನೆಯ ತಾರೀಖು ಬಸುರಿಯರ ವಿಶೇಷ ಪರೀಕ್ಷೆಗೆಂದು ಗೊತ್ತಾದ ದಿನ. ಆ ದಿನ ಮಧ್ಯಾಹ್ನ ನಾನು ಜಗಲಿಯಲ್ಲಿ ಕುಳಿತಿರುತ್ತೇನೆ. ಆಸ್ಪತ್ರೆಯಿಂದ ಮರಳುವ ಹುಡುಗಿಯರು, ಅವರಲ್ಲಿ ಬಹುಮಂದಿ ನನ್ನ ಶಿಷ್ಯೆಯರು ಅಥವಾ ಶಿಷ್ಯೆಯರ ಮಕ್ಕಳು, ದಾರಿಯಲ್ಲಿ ನಿಂತು ಕಾರ್ಡನ್ನು ನನ್ನ ಕೈಗೆ ಕೊಡುವರು. ನಾನು ಕನ್ನಡಕ ಹಾಕಿಕೊಂಡು ಶಾಯಿಯನ್ನು ನೋಡುವೆನು, ಆಮೇಲೆ, "ಪಟ್ಟಿ ಕಟ್ಟಿದರೇನಮ್ಮಾ?" ಎಂದು ಕೇಳುವೆನು. ಅವರು ನಗುವರು. "ಕಟ್ಟಿದರು ತಾತಾ" ಎನ್ನುವರು. ಅಷ್ಟು ಕೇಳಿದ ಮೇಲೆ ನನಗೆ ಆ ದಿನದ ಊಟ ರುಚಿಸುವುದು.